ಮದ್ಯದಂಗಡಿ ಬೇಡವೆಂದು ಗ್ರಾಮಸಭೆ ಠರಾವು ಮಾಡಿದರೂ ಅಂಗಡಿ ತೆರೆಯುವುದೇಕೆ?

‘ಮದ್ಯದಂಗಡಿ ಬೇಡ: ಗ್ರಾಮಸಭೆಯಲ್ಲಿ ಸರ್ವಾನುಮತದ ಠರಾವು’. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಈ ತಲೆಬರಹ ಆಗಾಗ ಕಾಣುತ್ತದೆ. ಕೆಲವು ವಾರಗಳ ನಂತರ ಅದೇ ಊರಿನಿಂದ ಇನ್ನೊಂದು ಸುದ್ದಿ ಬರುತ್ತದೆ: ಪೊಲೀಸ್ ಬಂದೋಬಸ್ತ್‌ನಲ್ಲಿ ಅಂಗಡಿ ಆರಂಭ, ಬಾಗಿಲ ಮುಂದೆ ಮಹಿಳೆಯರ ಧರಣಿ. ಇಡೀ ಊರೇ ಬೇಡವೆಂದದ್ದನ್ನು ಸರ್ಕಾರ ತೆರೆಯುವುದಾದರೆ ಗ್ರಾಮಸಭೆ ಯಾಕೆ ಬೇಕು ಎಂದು ಓದುಗರು ಕೇಳುವುದು ಸಹಜ.

2025-26ರ ರಾಜ್ಯ ಬಜೆಟ್ ಈ ಪ್ರಶ್ನೆಗೆ ಇನ್ನಷ್ಟು ಬಿಸಿ ತಂದಿತು. ಅಬಕಾರಿ ಆದಾಯದ ಗುರಿಯನ್ನು 40,000 ಕೋಟಿ ರೂಪಾಯಿಗೆ ಏರಿಸಿದ ಅದೇ ಬಜೆಟ್, ಹಂಚಿಕೆಯಾಗದೆ ಉಳಿದ ಮದ್ಯದ ಲೈಸೆನ್ಸ್‌ಗಳನ್ನು ಇ-ಹರಾಜಿನ ಮೂಲಕ ಕೊಡುವುದಾಗಿಯೂ ಹೇಳಿತು. ಲೈಸೆನ್ಸ್ ಹರಾಜಾದರೆ ಅದಕ್ಕೊಂದು ಅಂಗಡಿ ಬೇಕು, ಅಂಗಡಿಗೆ ಒಂದು ಊರು ಬೇಕು. ಠರಾವಿನ ಬಲ ಎಷ್ಟು, ಮಿತಿ ಎಲ್ಲಿ ಎಂಬುದು ಈಗ ತಿಳಿದಿರಬೇಕಾದ ವಿಷಯ.

ಅಧಿಕಾರ ಯಾರ ಕೈಯಲ್ಲಿದೆ

ಮದ್ಯ ರಾಜ್ಯ ಪಟ್ಟಿಯ ವಿಷಯ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು ಮದ್ಯದ ಉತ್ಪಾದನೆ ಮತ್ತು ಮಾರಾಟದ ಬಗ್ಗೆ, 51ನೇ ನಮೂದು ಅದರ ಮೇಲಿನ ಸುಂಕದ ಬಗ್ಗೆ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು ಹನ್ನೊಂದನೇ ಅನುಸೂಚಿಯಲ್ಲಿವೆ. ಕುಡಿಯುವ ನೀರು, ರಸ್ತೆ, ಸಂತೆ, ಗ್ರಂಥಾಲಯ ಎಲ್ಲ ಅಲ್ಲಿವೆ; ಮದ್ಯ ಇಲ್ಲ. ಇರುವ 29ನ್ನಾದರೂ ಕೊಡಲೇಬೇಕೆಂದಿಲ್ಲ. 243-ಜಿ ವಿಧಿಯ ಪ್ರಕಾರ ರಾಜ್ಯದ ಶಾಸಕಾಂಗ ‘ಕೊಡಬಹುದು’, ಅಷ್ಟೇ.

ಕರ್ನಾಟಕದಲ್ಲಿ ಲೈಸೆನ್ಸ್ ನಡೆಯುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ಮದ್ಯ ಮಾರಾಟಕ್ಕೆ ಸಂಬಂಧಿಸಿದ 1968ರ ನಿಯಮಗಳಡಿ. ತೀರ್ಮಾನ ಜಿಲ್ಲಾಧಿಕಾರಿ ಮತ್ತು ಅಬಕಾರಿ ಇಲಾಖೆಯ ಕೈಯಲ್ಲಿದೆ. ಗ್ರಾಮಸಭೆಯ ಒಪ್ಪಿಗೆಯನ್ನು ಈ ನಿಯಮಗಳು ಷರತ್ತಾಗಿ ಕೇಳುವುದಿಲ್ಲ. ಗೊಂದಲದ ಮೂಲ ಇಲ್ಲಿದೆ. ಗ್ರಾಮಸಭೆ ‘ಬೇಡ’ ಎಂದಾಗ ಅದು ತನ್ನ ಅಭಿಪ್ರಾಯವನ್ನು ದಾಖಲಿಸುತ್ತದೆ, ಆದೇಶ ಹೊರಡಿಸುವುದಿಲ್ಲ. ಆ ಅಭಿಪ್ರಾಯ ಕಾನೂನಿನ ಯಾವುದಾದರೂ ಕೊಂಡಿಗೆ ಸಿಕ್ಕಿದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಸಿಗದಿದ್ದರೆ ಅದು ಕಡತದೊಳಗೆ ಸೇರಿಹೋಗುತ್ತದೆ.

ಹಾಗೆಂದು ಅಂಗಡಿಯವನಿಗೂ ಹುಟ್ಟಿನಿಂದ ಬಂದ ಹಕ್ಕೇನಿಲ್ಲ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ, ಖೋಡೇ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ದಾವೆಯಲ್ಲಿ. ಸರ್ಕಾರ ಬಯಸಿದರೆ ವ್ಯಾಪಾರಕ್ಕೆ ಎಷ್ಟು ಬೇಕಾದರೂ ಕಡಿವಾಣ ಹಾಕಬಹುದು, ಪೂರ್ತಿ ನಿಲ್ಲಿಸಲೂಬಹುದು. 2007ರ ಜುಲೈ 1ರಿಂದ ಸಾರಾಯಿ ನಿಂತದ್ದು ಸರ್ಕಾರದ ತೀರ್ಮಾನದಿಂದಲೇ. ಯಾವ ಊರಿನ ಠರಾವಿಗೂ ಆ ಶಕ್ತಿ ಇರಲಿಲ್ಲ.

ಗಡಿಯಾಚೆ ಬೇರೆ ಲೆಕ್ಕ

ಎಲ್ಲ ರಾಜ್ಯಗಳಲ್ಲೂ ಹೀಗೇ ಇಲ್ಲ. ಮಹಾರಾಷ್ಟ್ರದ 2008ರ ಆದೇಶದ ಪ್ರಕಾರ ಊರಿನ ಮಹಿಳಾ ಮತದಾರರಲ್ಲಿ ಅಥವಾ ಒಟ್ಟು ಮತದಾರರಲ್ಲಿ ಶೇ 25ರಷ್ಟು ಜನ ಸಹಿ ಹಾಕಿ ಕೇಳಿದರೆ, ಸಹಿಗಳನ್ನು ಪರಿಶೀಲಿಸಿ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ನಿಂತದ್ದಕ್ಕೆ ಒತ್ತಿದರೆ ಅಂಗಡಿ ಇರಲಿ ಎಂದು, ಮಲಗಿದ್ದಕ್ಕೆ ಒತ್ತಿದರೆ ಮುಚ್ಚಲಿ ಎಂದು ಅರ್ಥ. ಅಕ್ಷರ ಬಾರದ ಅಜ್ಜಿಗೂ ತಿಳಿಯುವ ಈ ಮತದಾನ ಅಲ್ಲಿ ‘ಆಡವಿ ಬಾಟಲಿ’ (ಮರಾಠಿಯಲ್ಲಿ ಮಲಗಿದ ಬಾಟಲಿ) ಎಂದೇ ಹೆಸರಾಗಿದೆ.

ಆದರೆ ಇದರಲ್ಲೊಂದು ಕಠಿಣ ಷರತ್ತಿದೆ. ಬಿದ್ದ ಮತಗಳಲ್ಲಿ ಹೆಚ್ಚು ಪಾಲು ಬಂದರೆ ಸಾಲದು, ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಮುಚ್ಚಲಿ ಎನ್ನಬೇಕು. ಮದುವೆಯಾಗಿ ಬೇರೆ ಊರಿಗೆ ಹೋದವರು, ಕಬ್ಬು ಕಡಿಯಲು ಗುಳೆ ಹೋದವರು, ತೀರಿಕೊಂಡರೂ ಪಟ್ಟಿಯಿಂದ ಹೆಸರು ತೆಗೆಯದವರು, ಇವರೆಲ್ಲರ ಗೈರುಹಾಜರಿಯೂ ಅಂಗಡಿಯ ಪರವಾಗಿಯೇ ಲೆಕ್ಕಕ್ಕೆ ಬರುತ್ತದೆ. ಮತ ಹಾಕಿದವರಲ್ಲಿ ಬಹುಪಾಲು ಮಂದಿ ಬೇಡವೆಂದರೂ ಊರು ಸೋಲಬಹುದು.

ರಾಜಸ್ಥಾನದಲ್ಲಿ 1975ರಿಂದಲೂ ಇಂಥದ್ದೇ ನಿಯಮವಿದೆ. ರಾಜಸಮಂದ್ ಜಿಲ್ಲೆಯ ಕಛಬಲಿ ಪಂಚಾಯಿತಿ 2016ರಲ್ಲಿ ಮತ ಹಾಕಿಯೇ ಅಂಗಡಿ ಮುಚ್ಚಿಸಿತು. ಪಂಜಾಬಿನ 1994ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮತದಾನವಿಲ್ಲ. ಪಂಚಾಯಿತಿಯ ಠರಾವೇ ಸಾಕು, ಆದರೆ ಅದು ನಿಗದಿತ ಅವಧಿಯೊಳಗೆ ಆಗಬೇಕು, ಜಾರಿಗೆ ಬರುವುದು ಮುಂದಿನ ಏಪ್ರಿಲ್‌ನಿಂದ. ಅಲ್ಲೊಂದು ಕಿಂಡಿಯನ್ನೂ ಬಿಟ್ಟಿದ್ದಾರೆ. ಆ ಊರಿನಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ಕಳ್ಳಭಟ್ಟಿಯ ಪ್ರಕರಣ ದಾಖಲಾಗಿದ್ದರೆ ಇಲಾಖೆ ಠರಾವನ್ನು ತಳ್ಳಿಹಾಕಬಹುದು. ಕುಡಿತದಿಂದ ಹೆಚ್ಚು ಬಳಲಿದ ಊರಿಗೇ ಬಾಗಿಲು ಮುಚ್ಚುವ ವಿಚಿತ್ರ ಕಿಂಡಿ ಅದು.

ಇನ್ನು ಪೆಸಾ ಕಾಯ್ದೆ. 1996ರ ಈ ಕಾಯ್ದೆಯ ಪ್ರಕಾರ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ ಮದ್ಯವನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಅಧಿಕಾರ ಗ್ರಾಮಸಭೆ ಮತ್ತು ಪಂಚಾಯಿತಿಗಳಿಗೆ ಸಿಗಬೇಕು. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ಸಾಮಾಜಿಕ ಜಾಲತಾಣದಲ್ಲಿ ‘ಪೆಸಾ ಪ್ರಕಾರ ಗ್ರಾಮಸಭೆಯೇ ಅಂತಿಮ’ ಎಂದು ಓಡಾಡುವ ಸಂದೇಶ ನಮ್ಮ ಹಳ್ಳಿಗಳಿಗೆ ಅನ್ವಯಿಸುವುದಿಲ್ಲ. ಅದನ್ನು ಮನವಿಯಲ್ಲಿ ಬರೆದರೆ ಉಳಿದ ಸರಿಯಾದ ಅಂಶಗಳ ತೂಕವೂ ಕಡಿಮೆಯಾಗುತ್ತದೆ.

ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆದ ಉದಾಹರಣೆಯೂ ಇದೆ. ಮದ್ಯದಂಗಡಿಗೆ ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣೆ ಬೇಕೆಂಬ ಷರತ್ತನ್ನು ಕೇರಳ ಸರ್ಕಾರ 2017ರಲ್ಲಿ ಸುಗ್ರೀವಾಜ್ಞೆಯ ಮೂಲಕ ತೆಗೆದುಹಾಕಿತು.

ಸಭೆ ಬಿದ್ದುಹೋಗುವುದು ಎಲ್ಲಿ

ಕರ್ನಾಟಕದ ಗ್ರಾಮಸಭೆಗೆ ಗುಪ್ತ ಮತದಾನದ ಬಲವಿಲ್ಲದಿದ್ದರೂ ಅದರ ದಾಖಲೆ ನಿಷ್ಪ್ರಯೋಜಕವಲ್ಲ. ಜಿಲ್ಲಾಧಿಕಾರಿಯ ಮುಂದೆ, ಆಮೇಲೆ ಮೇಲ್ಮನವಿಯಲ್ಲಿ, ಕೊನೆಗೆ ಹೈಕೋರ್ಟಿನಲ್ಲಿ ಅದು ಸಾಕ್ಷ್ಯವಾಗಿ ನಿಲ್ಲಬೇಕು. ಅಲ್ಲಿ ಮೊದಲು ನೋಡುವುದು ಠರಾವಿನ ಭಾವನೆಯನ್ನಲ್ಲ, ಸಭೆ ಕ್ರಮಬದ್ಧವಾಗಿತ್ತೇ ಎಂಬುದನ್ನು.

ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆಯ ಕೋರಂಗೆ ಒಟ್ಟು ಸದಸ್ಯರ, ಅಂದರೆ ಮತದಾರರ, ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಹಾಜರಾದವರಲ್ಲಿ ಮಹಿಳೆಯರು ಶೇ 30ಕ್ಕಿಂತ ಕಡಿಮೆ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಆರು ತಿಂಗಳಿಗೊಮ್ಮೆಯ ಸಭೆಗೆ ಕಾಯಬೇಕಾಗಿಲ್ಲ. ಹತ್ತನೇ ಒಂದು ಭಾಗ ಮತದಾರರು ಸಹಿ ಹಾಕಿ ವಿಷಯ ನಮೂದಿಸಿ ಕೇಳಿದರೆ ವಿಶೇಷ ಸಭೆ ಕರೆಯಬೇಕು.

ಎಡವುವುದು ಸಣ್ಣ ಸಂಗತಿಗಳಲ್ಲಿ. ಹಾಜರಿ ಪುಸ್ತಕದಲ್ಲಿ ಅರವತ್ತು ಸಹಿ, ಫೋಟೊದಲ್ಲಿ ಮುನ್ನೂರು ಜನ. ಕೋರ್ಟಿಗೆ ಲೆಕ್ಕ ಅರವತ್ತೇ. ಸಭೆಯ ನೋಟಿಸಿನಲ್ಲಿ ಮದ್ಯದಂಗಡಿಯ ವಿಷಯವೇ ಇಲ್ಲದೆ, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಎಂಬ ಸಾಲಿನಡಿ ಸೇರಿಸಿದ್ದರೆ, ಜನರಿಗೆ ಮೊದಲೇ ತಿಳಿಸಿಲ್ಲ ಎಂದು ಎದುರುಪಕ್ಷದ ವಕೀಲರು ಹೇಳುತ್ತಾರೆ. ನಡಾವಳಿಯನ್ನು ಸಭೆಯಲ್ಲೇ ಬರೆದು ಓದಿ ಹೇಳದೆ, ವಾರದ ಮೇಲೆ ಪಿಡಿಒ ಕಚೇರಿಯಲ್ಲಿ ಬರೆದರೆ ‘ತೀವ್ರ ವಿರೋಧ ವ್ಯಕ್ತವಾಯಿತು’ ಎಂಬುದು ‘ಚರ್ಚಿಸಲಾಯಿತು’ ಆಗಿಬಿಡುತ್ತದೆ. ಚರ್ಚಿಸಲಾಯಿತು ಎಂಬುದು ನಿರ್ಣಯವೇ ಅಲ್ಲ.

ಗ್ರಾಮಸಭೆ ಬೇರೆ, ಪಂಚಾಯಿತಿಯ ಸಾಮಾನ್ಯ ಸಭೆ ಬೇರೆ. ಮೊದಲನೆಯದು ಊರಿನ ಎಲ್ಲ ಮತದಾರರದು, ಎರಡನೆಯದು ಆಯ್ಕೆಯಾದ ಸದಸ್ಯರದು. ಒಂದರಲ್ಲಿ ಮಾತ್ರ ಠರಾವಾದರೆ ಅರ್ಧ ಕೆಲಸವಾದಂತೆ. ಗ್ರಾಮಸಭೆಯ ನಿರ್ಣಯವನ್ನು ಸಾಮಾನ್ಯ ಸಭೆ ಅಂಗೀಕರಿಸಿ, ಯಾರಿಗೆ ಕಳಿಸಬೇಕು ಎಂದೂ ಬರೆಯಬೇಕು: ಜಿಲ್ಲಾಧಿಕಾರಿ, ಅಬಕಾರಿ ಉಪ ಆಯುಕ್ತರು, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ. ಕಳಿಸಿದ್ದಕ್ಕೆ ಸ್ವೀಕೃತಿ ಬೇಕು. ಸಹಿ ಹಾಕಿ ಎಲ್ಲರೂ ಮನೆಗೆ ಹೋದ ಮೇಲೆ ಕಾಗದ ಪಂಚಾಯಿತಿ ಕಚೇರಿಯ ಹೊಸಿಲು ದಾಟಿತೇ ಎಂದು ಕೇಳುವವರಿಲ್ಲದೆ ಸೋತ ಊರುಗಳೇ ಹೆಚ್ಚು. ಅಂಗಡಿಗೆ ಬಾಡಿಗೆ ಕೊಡುವ ಕಟ್ಟಡ ಎಷ್ಟೋ ಸಲ ಸದಸ್ಯರೊಬ್ಬರ ನೆಂಟರದ್ದೇ ಆಗಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

‘ಬೇಡ’ ಎನ್ನುವುದಕ್ಕಿಂತ ‘74 ಮೀಟರ್’ ಎನ್ನುವುದು ಗಟ್ಟಿ

1968ರ ನಿಯಮಗಳ 5ನೇ ನಿಯಮವೇ ಮೇಲೆ ಹೇಳಿದ ಕೊಂಡಿ. ಶಾಲೆ, ದೇವಸ್ಥಾನ, ಮಸೀದಿ, ಚರ್ಚು, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಅವಕಾಶವಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಅವಕಾಶವಿಲ್ಲ. ಇದರ ಮೇಲೆ ಹೆದ್ದಾರಿಯ ಅಂತರ: 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಎಂದಿತು. 2017ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ, 20,000ಕ್ಕಿಂತ ಹೆಚ್ಚು ಜನರಿಲ್ಲದ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ 220 ಮೀಟರ್ ಎಂದಿತು. ನಮ್ಮ ಬಹುತೇಕ ಹಳ್ಳಿಗಳು ಈ ಎರಡನೇ ಗುಂಪಿಗೆ ಸೇರುತ್ತವೆ.

ಈ ಅಂತರಗಳು ಗೊತ್ತಿದ್ದ ಮೇಲೆ ಠರಾವಿನ ಭಾಷೆ ಬದಲಾಗಬೇಕು. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಯುವಕರು ಹಾಳಾಗುತ್ತಿದ್ದಾರೆ, ಸಂಸಾರಗಳು ಬೀದಿಗೆ ಬಿದ್ದಿವೆ, ಆದ್ದರಿಂದ ನಮ್ಮ ಗ್ರಾಮಕ್ಕೆ ಮದ್ಯದಂಗಡಿ ಬೇಡವೆಂದು ಸಭೆ ಒತ್ತಾಯಿಸಿತು.’ ಇದರಲ್ಲಿ ಸುಳ್ಳೇನಿಲ್ಲ, ಆದರೆ ಅಧಿಕಾರಿ ಉತ್ತರಿಸಬೇಕಾದ ಪ್ರಶ್ನೆಯೂ ಇಲ್ಲ. ಅದೇ ಠರಾವನ್ನು ಉದಾಹರಣೆಗೆ ಹೀಗೆ ಬರೆಯಬಹುದು: ‘ಇಂಥ ಸ್ವತ್ತಿನ ಸಂಖ್ಯೆಯ ಕಟ್ಟಡದ ಬಾಗಿಲಿನಿಂದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿಗೆ ಜನ ನಡೆದಾಡುವ ದಾರಿಯಲ್ಲಿ 74 ಮೀಟರ್ ಅಂತರವಿದೆ. ಆದ್ದರಿಂದ 5ನೇ ನಿಯಮದಡಿ ಇಲ್ಲಿ ಲೈಸೆನ್ಸ್ ಕೊಡಲು ಬರುವುದಿಲ್ಲ. ಜಂಟಿ ಸ್ಥಳ ಪರಿಶೀಲನೆ ನಡೆಸಿ, ಪಂಚಾಯಿತಿಗೆ ತಿಳಿಸಿ ತೀರ್ಮಾನಿಸಬೇಕು.’ ಈಗ ಅಧಿಕಾರಿ ಅಳೆಯಲೇಬೇಕು. ಅಳೆಯದೆ ಲೈಸೆನ್ಸ್ ಕೊಟ್ಟರೆ ಆ ಲೋಪವೇ ಮೇಲ್ಮನವಿಗೆ ಆಧಾರ.

ಅಳತೆಯಲ್ಲೇ ಜಗಳ ಹೆಚ್ಚು. ಹಕ್ಕಿ ಹಾರಿದಂತೆ ನೇರವಾಗಿ ಅಳೆಯುವುದಿಲ್ಲ, ಕಾಲ್ನಡಿಗೆಯ ಹತ್ತಿರದ ದಾರಿಯಲ್ಲಿ, ಬಾಗಿಲಿನಿಂದ ಗೇಟಿಗೆ ಅಳೆಯುತ್ತಾರೆ. ಅದಕ್ಕೇ ಅಂಗಡಿಯವರು ಮುಂಬಾಗಿಲನ್ನು ಮುಚ್ಚಿ ಹಿಂಭಾಗದಲ್ಲಿ ಬಾಗಿಲು ತೆಗೆಯುವುದುಂಟು, ನಡುವೆ ಗೋಡೆ ಎಬ್ಬಿಸಿ ದಾರಿಯನ್ನು ಸುತ್ತುಬಳಸಿ ಮಾಡುವುದೂ ಉಂಟು. 74 ಮೀಟರ್ ಇದ್ದದ್ದು ಮಹಜರಿನಲ್ಲಿ 103 ಆಗುವುದು ಹೀಗೆ. ಗೋಡೆ ಏಳುವ ಮೊದಲಿನ ದಿನಾಂಕವಿರುವ ಫೋಟೊ, ಪಂಚಾಯಿತಿಯ ಕಟ್ಟಡ ಪರವಾನಗಿಯ ನಕ್ಷೆ ಕೈಯಲ್ಲಿದ್ದರೆ ಈ ಆಟ ನಡೆಯುವುದಿಲ್ಲ. ಅಂಗಡಿಯವರು ಸಲ್ಲಿಸಿದ ಅರ್ಜಿ, ನಕಾಶೆ ಮತ್ತು ಮಹಜರಿನ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ದೇವಸ್ಥಾನದ ಅಂತರವನ್ನು ನೆಚ್ಚುವುದಾದರೆ ಅದರ ನೋಂದಣಿ ಅಥವಾ ಮುಜರಾಯಿ ದಾಖಲೆ ಲಗತ್ತಿಸುವುದು ಲೇಸು. ಅಂಗಡಿ ಬರುವ ಸುದ್ದಿ ಕೇಳಿ ರಾತ್ರೋರಾತ್ರಿ ಕಟ್ಟಿದ ಕಟ್ಟೆಯ ಮೇಲಿನ ಕಲ್ಲು ಯಾವ ಪರಿಶೀಲನೆಯಲ್ಲೂ ನಿಲ್ಲುವುದಿಲ್ಲ.

ಪಂಚಾಯಿತಿಗೆ ತನ್ನದೇ ಆದ ಒಂದಿಷ್ಟು ಅಧಿಕಾರವೂ ಇದೆ. ಕಟ್ಟಡ ಕಟ್ಟಲು, ಹೋಟೆಲು ನಡೆಸಲು ಪಂಚಾಯಿತಿಯ ಪರವಾನಗಿ ಬೇಕು. ವಾಸದ ಮನೆಯೆಂದು ದಾಖಲಾದ ಕಟ್ಟಡದಲ್ಲಿ ಬಾರ್ ನಡೆಸಿದರೆ ನೋಟಿಸ್ ಕೊಡಬಹುದು. ಆದರೆ ಕಾರಣ ಕಟ್ಟಡದ್ದಾಗಿರಬೇಕು, ಮದ್ಯದ್ದಲ್ಲ. ‘ಗ್ರಾಮಸ್ಥರ ವಿರೋಧವಿರುವುದರಿಂದ ಪರವಾನಗಿ ನಿರಾಕರಿಸಲಾಗಿದೆ’ ಎಂಬ ಒಂದೇ ಸಾಲಿನ ಆದೇಶ ಮೇಲಿನ ಹಂತದಲ್ಲಿ ಬಿದ್ದುಹೋಗುವುದು ಬಹುತೇಕ ಖಚಿತ.

ದಂಡ ಹಾಕುವ ಠರಾವು

ಸಿಟ್ಟಿನಲ್ಲಿ ಕೆಲವು ಊರುಗಳು ಇನ್ನೊಂದು ಹಾದಿ ಹಿಡಿಯುತ್ತವೆ: ಕುಡಿದು ಬಂದರೆ ಇಷ್ಟು ಸಾವಿರ ದಂಡ, ಮಾರಿದರೆ ಊರಿನಿಂದ ಹೊರಗೆ. ಇಂಥ ದಂಡ ವಿಧಿಸುವ ಅಧಿಕಾರ ಪಂಚಾಯಿತಿಗಿಲ್ಲ. ವಸೂಲಿ ಮಾಡಿದವರ ಮೇಲೆಯೇ ದೂರು ದಾಖಲಾಗಬಹುದು. ಬಹಿಷ್ಕಾರವಂತೂ ಇನ್ನೂ ಅಪಾಯ. ಅದು ಬೀಳುವುದು ಹೆಚ್ಚಾಗಿ ಬಡವರ, ಕೆಳಜಾತಿಯವರ ಮೇಲೆಯೇ.

ವಾಸ್ತವದಲ್ಲಿ ಹಳ್ಳಿಗಳ ದೊಡ್ಡ ತಲೆನೋವು ಲೈಸೆನ್ಸ್ ಇರುವ ಅಂಗಡಿಗಿಂತ ಕಿರಾಣಿ ಅಂಗಡಿಯಲ್ಲಿ, ಗೂಡಂಗಡಿಯಲ್ಲಿ, ಮನೆಯ ಹಿತ್ತಲಲ್ಲಿ ಮಾರುವ ಪೌಚು. ಬೆಳಗಿನ ಆರು ಗಂಟೆಗೂ ಸಿಗುವುದು ಅಲ್ಲೇ, ಸಾಲಕ್ಕೆ ಸಿಗುವುದೂ ಅಲ್ಲೇ. ಇದಕ್ಕೆ ಹೊಸ ನಿಷೇಧ ಬೇಕಾಗಿಲ್ಲ. ಅಬಕಾರಿ ಕಾಯ್ದೆಯ 32 ಮತ್ತು 34ನೇ ಕಲಂಗಳಡಿ ಅದು ಈಗಾಗಲೇ ಅಪರಾಧ, ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದಕ್ಕೆ 15-ಎ ಇದೆ. ಸುದ್ದಿ ಪುಟದ ಮೂಲೆಯಲ್ಲಿ ‘15(ಎ), 32(3)ರಡಿ ಪ್ರಕರಣ’ ಎಂದು ಬರುವುದು ಇದೇ. ಇಲ್ಲಿ ಠರಾವು ಕೇಳಬೇಕಾದದ್ದು ಬೇರೆ: ಯಾವ ಯಾವ ಕಡೆ ಮಾರಾಟ ನಡೆಯುತ್ತಿದೆ, ಎಷ್ಟು ದೂರು ಕೊಟ್ಟಿದ್ದೇವೆ, ಎಷ್ಟು ಪ್ರಕರಣ ದಾಖಲಾಗಿದೆ ಎಂಬುದನ್ನು ಅಬಕಾರಿ ನಿರೀಕ್ಷಕರು ಮುಂದಿನ ಸಭೆಗೆ ಬಂದು ಹೇಳಬೇಕು ಎಂದು. ಲೈಸೆನ್ಸ್ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಹೊರಗೆ ಹೋಗದೆ ಗೂಡಂಗಡಿಗೆ ಮಾಲು ಬರುವುದಿಲ್ಲ. ದೂರಿನಲ್ಲಿ ಪೌಚಿನ ಬ್ಯಾಚ್ ಸಂಖ್ಯೆ ಬರೆದರೆ ಮೂಲ ಹುಡುಕುವ ಹೊಣೆ ಇಲಾಖೆಗೆ ಬೀಳುತ್ತದೆ.

ಯಾರ ಅನುಮತಿಯೂ ಬೇಡದ ಠರಾವುಗಳೂ ಇವೆ. ಬೆಳಗಾವಿ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ, ಗಂಡ ಸತ್ತಾಗ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ಪದ್ಧತಿ ಬೇಡವೆಂದು ನಿರ್ಣಯಿಸಿತು. ಅದು ಊರಿನವರು ತಮಗೆ ತಾವೇ ಕೊಟ್ಟುಕೊಂಡ ಮಾತು, ಯಾರ ಲೈಸೆನ್ಸನ್ನೂ ಕಿತ್ತುಕೊಳ್ಳಬೇಕಾಗಿರಲಿಲ್ಲ. ಆದ್ದರಿಂದಲೇ ಬೇಗ ಹಬ್ಬಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ, ಉಳಿದ ಪಂಚಾಯಿತಿಗಳೂ ಹೇರವಾಡದ ಮಾದರಿ ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು. ಮದ್ಯದಂಗಡಿಯ ಠರಾವಿಗೆ ಈ ಅನುಕೂಲ ಇಲ್ಲ. ಅದರ ಇನ್ನೊಂದು ತುದಿಯಲ್ಲಿ ರಾಜ್ಯದ ಬೊಕ್ಕಸವಿದೆ.

ವಾದಗಳು

ಮಹಿಳಾ ಸಂಘಟನೆಗಳ ಬೇಡಿಕೆ ಸರಳ: ಮಹಾರಾಷ್ಟ್ರದಂತೆ ಇಲ್ಲೂ ಗ್ರಾಮಸಭೆಗೆ ತೀರ್ಮಾನದ ಹಕ್ಕು ಕೊಡಿ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದು ಬಂದದ್ದು ಮದ್ಯ ನಿಷೇಧ ಕೇಳಿ. ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯದ ಕರ್ತವ್ಯವೆಂದೇ ಹೇಳುತ್ತದೆ ಎಂಬುದು ಅವರ ಆಧಾರ.

ಸರ್ಕಾರದ ಕಡೆಯಿಂದ ಎರಡು ಮಾತು ಬರುತ್ತವೆ. ಲೈಸೆನ್ಸ್ ಇರುವ ಅಂಗಡಿ ಹೋದರೆ ಕಳ್ಳಭಟ್ಟಿ ಬರುತ್ತದೆ ಎಂಬುದು ಮೊದಲನೆಯದು. ಇದು ಪೂರ್ತಿ ನೆಪವಲ್ಲ, ಹಾಗೆಂದು ಪೂರ್ತಿ ನಿಜವೂ ಅಲ್ಲ. ಲೈಸೆನ್ಸ್ ಅಂಗಡಿ ಇರುವ ಊರಲ್ಲೂ ಗೂಡಂಗಡಿಯ ಮಾರಾಟ ನಿಂತಿಲ್ಲ ಎಂಬುದಕ್ಕೆ ಇಲಾಖೆಯ ಬಳಿ ಉತ್ತರವಿಲ್ಲ. ಎರಡನೆಯದು ಆದಾಯ. ಇದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ, ಬಜೆಟ್ ಪುಸ್ತಕ ಹೇಳುತ್ತದೆ. ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆಗಳು ಕೆಲವೇ ಉಳಿದವು, ಅವುಗಳಲ್ಲಿ ಮದ್ಯ ಮುಖ್ಯವಾದದ್ದು. ಊರೂರಿಗೆ ಮುಚ್ಚುವ ಹಕ್ಕು ಕೊಟ್ಟರೆ ವರ್ಷದ ಗುರಿಯ ಲೆಕ್ಕವೇ ಏರುಪೇರಾಗುತ್ತದೆ ಎಂಬ ಭಯ ಹಣಕಾಸು ಇಲಾಖೆಗೆ ಇದ್ದೇ ಇದೆ.

ಗೆದ್ದರೆ ಅಂಗಡಿ ಎಲ್ಲಿಗೆ ಹೋಗುತ್ತದೆ

ಸುದ್ದಿಗಳಲ್ಲಿ ಕಾಣದ ಒಂದು ಸಂಗತಿ ಇಲ್ಲಿದೆ. ಚಿಲ್ಲರೆ ಮಾರಾಟದ ಸಿಎಲ್-2, ಬಾರ್‌ಗಳ ಸಿಎಲ್-9 ಹೊಸ ಲೈಸೆನ್ಸ್‌ಗಳನ್ನು ಸರ್ಕಾರ 1992ರ ನಂತರ ಬಹುಮಟ್ಟಿಗೆ ನಿಲ್ಲಿಸಿತ್ತು. ಹಾಗಾಗಿ ಊರಿಗೆ ಬರುವ ‘ಹೊಸ ಅಂಗಡಿ’ ಹೆಚ್ಚಾಗಿ ಬೇರೆಡೆಯಿಂದ ಸ್ಥಳಾಂತರವಾದ ಹಳೆಯ ಲೈಸೆನ್ಸ್, ಇಲ್ಲವೇ ವಸತಿಗೃಹದ ಸಿಎಲ್-7 ಅಥವಾ ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆ. ಯಾವುದು ಎಂದು ಮೊದಲು ತಿಳಿಯಬೇಕು. ವಿರೋಧಿಸಬೇಕಾದ ಕಚೇರಿ, ಎತ್ತಬೇಕಾದ ಆಕ್ಷೇಪ ಎರಡೂ ಅದರ ಮೇಲೆ ನಿಲ್ಲುತ್ತವೆ.

ಸ್ಥಳಾಂತರದ ಲೈಸೆನ್ಸ್ ಬೆಲೆಬಾಳುವ ಆಸ್ತಿ. ಒಂದು ಊರು ಗೆದ್ದರೆ ಆ ಲೈಸೆನ್ಸ್ ರದ್ದಾಗುವುದಿಲ್ಲ, ಪಕ್ಕದ ಊರಿಗೆ ಹೋಗುತ್ತದೆ. ಸಾಮಾನ್ಯವಾಗಿ ಸಂಘಟನೆ ಇಲ್ಲದ, ಪಂಚಾಯಿತಿ ಸದಸ್ಯರು ಸುಮ್ಮನಿರುವ ಊರಿಗೆ. ಕುಡಿಯುವವರು ಬೈಕಿನಲ್ಲಿ ಎರಡು ಕಿಲೋಮೀಟರ್ ಹೋಗಿ ಬರುತ್ತಾರೆ. ರಾತ್ರಿಯ ಅಪಘಾತ ಹೆಚ್ಚುವ ಭಯವೂ ಸೇರಿಕೊಳ್ಳುತ್ತದೆ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿಗಳು ಒಟ್ಟಿಗೆ, ಅದೇ ತಿಂಗಳಲ್ಲಿ ಠರಾವು ಮಾಡದಿದ್ದರೆ ಒಂದು ಊರಿನ ಗೆಲುವು ಇನ್ನೊಂದು ಊರಿನ ತಲೆಗೆ ಬರುತ್ತದೆ.

ಇ-ಹರಾಜು ಈ ಸ್ಥಿತಿಯನ್ನು ಇನ್ನಷ್ಟು ಬಿಗಿ ಮಾಡಲಿದೆ. ಹರಾಜಿನಲ್ಲಿ ದೊಡ್ಡ ಮೊತ್ತ ಕಟ್ಟಿದವರು ಜಾಗ ಸಿಗಲಿಲ್ಲವೆಂದು ಸುಮ್ಮನೆ ಕೂರುವುದಿಲ್ಲ, ಹೈಕೋರ್ಟಿಗೆ ಹೋಗುತ್ತಾರೆ. ಹಣ ಪಡೆದ ಸರ್ಕಾರವೂ ಅವರ ಪಕ್ಕದಲ್ಲೇ ನಿಲ್ಲಬೇಕಾದ ಇಕ್ಕಟ್ಟಿಗೆ ಸಿಗುತ್ತದೆ. ಜಿಲ್ಲಾಧಿಕಾರಿಯ ಆದೇಶವಾದ ಮೇಲೆ ಊರಿಗೆ ಉಳಿಯುವುದು ಅಬಕಾರಿ ಆಯುಕ್ತರು, ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ, ಹೈಕೋರ್ಟ್ ಎಂಬ ಉದ್ದದ ದಾರಿ. ಅಷ್ಟರಲ್ಲಿ ಅಂಗಡಿ ನಡೆಯುತ್ತಲೇ ಇರುತ್ತದೆ. ಕಟ್ಟಡಕ್ಕೆ ಬಾಡಿಗೆ ಕರಾರು ಆಗುವ ಮೊದಲೇ ಪರಿಶಿಷ್ಟರ ಕೇರಿಯನ್ನೂ ಶಾಲೆ, ದೇವಸ್ಥಾನ, ಆಸ್ಪತ್ರೆಗಳ ಸುತ್ತಲಿನ 100 ಮೀಟರನ್ನೂ ಗುರುತಿಸಿದ ನಕ್ಷೆಯನ್ನು ಗ್ರಾಮಸಭೆಯಲ್ಲಿ ಅಂಗೀಕರಿಸಿ ಜಿಲ್ಲಾಧಿಕಾರಿಗೆ ಕಳಿಸಿಟ್ಟರೆ, ಅರ್ಜಿ ಬಂದ ದಿನ ಆ ಕಾಗದ ಕಡತದಲ್ಲಿ ಮೊದಲೇ ಇರುತ್ತದೆ.

ನಿಯಮ ಬದಲಿಸುವುದು ಸರ್ಕಾರಕ್ಕೆ ಕಷ್ಟವೇನಲ್ಲ. ಮಹಾರಾಷ್ಟ್ರ ಇದಕ್ಕಾಗಿ ಹೊಸ ಕಾಯ್ದೆ ಮಾಡಲಿಲ್ಲ, ಇದ್ದ ಕಾಯ್ದೆಯಡಿ ಒಂದು ಆದೇಶ ಹೊರಡಿಸಿತು. ಕರ್ನಾಟಕದಲ್ಲೂ ಅಬಕಾರಿ ಕಾಯ್ದೆ ಸರ್ಕಾರಕ್ಕೆ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಅದೇ 1968ರ ನಿಯಮಗಳಿಗೆ ಮತದಾನದ ಒಂದು ನಿಯಮ ಸೇರಿಸಲು ಅಧಿಸೂಚನೆ ಸಾಕು. ಸೇರಿಸುವಾಗ ಅರ್ಧವೆಂಬುದನ್ನು ಒಟ್ಟು ಮತದಾರರ ಮೇಲೆ ಲೆಕ್ಕ ಹಾಕುತ್ತಾರೋ ಮತ ಹಾಕಿದವರ ಮೇಲೋ, ಮುಚ್ಚಿದ ಅಂಗಡಿಯ ಲೈಸೆನ್ಸ್ ರದ್ದಾಗುತ್ತದೋ ಪಕ್ಕದೂರಿಗೆ ಹೋಗುತ್ತದೋ ಎಂಬ ಎರಡು ಸಾಲುಗಳನ್ನು ಬೇಡಿಕೆ ಮುಂದಿಡುವವರು ಕಣ್ಣಿಟ್ಟು ಓದಬೇಕು.